ಬಾಯಿ ಮುಚ್ಚಿದ ಬುರುಡೆಗಳು

ಜೂನ್ ೩

ಗಾಜಿನ ಮೇಸ್ತ್ರಿಗಳಿಗೆ ನಮಸ್ಕಾರ.

ನಾನು ಯಾರೆಂದು ನಿಮಗೆ ನೆನಪಿರಲಿಕ್ಕಿಲ್ಲ. ಲೋಹಗಳ ಮೇಲೆ ಸಂಶೋಧನೆ ಮಾಡುವ ಪ್ರಯೋಗಾಲಯದವಳು. ಹೋದ ವರ್ಷ ನಿಮ್ಮಿಂದ ಒಂದು ಪೆಟ್ಟಿಗೆ ಗಾಜಿನ ಬುರುಡೆ ತರಿಸಿಕೊಂಡಿದ್ದೆ. ಉದ್ದ ಕತ್ತು, ದುಂಡು ಹೊಟ್ಟೆ, ಬಾಯಿಯನ್ನು ಕರಗಿಸಿ ಮುಚ್ಚಿಬಿಟ್ಟಿದ್ದಿರಿ. ಪಾತ್ರೆ ಮಾಡಿ ಬಾಯನ್ನೇ ಮುಚ್ಚಿ ಕಳಿಸುವವರು ಯಾರಪ್ಪ ಎಂದು ಇಲ್ಲಿ ಎಲ್ಲರೂ ನಕ್ಕಿದ್ದೆವು. ಈಗ ಯಾರೂ ನಗುತ್ತಿಲ್ಲ.

ವಿಷಯ ಹೀಗಿದೆ. ಟೆರ್ಬಿಯಂ ಎಂಬ ಅಪರೂಪದ ಲೋಹವಿದೆ. ಅದರ ದ್ರಾವಣದಿಂದ ಹರಳು ಬೆಳೆಸುವುದು ನಮ್ಮ ಕೆಲಸ. ಬೇರೆ ಯಾರ ಗಾಜಿನಲ್ಲಿ ಹಾಕಿಟ್ಟರೂ ಅದು ಸುಣ್ಣದ ತಿಳಿಯ ಹಾಗೆ ಸುಮ್ಮನೆ ಕುಳಿತಿರುತ್ತದೆ. ನಿಮ್ಮ ಬುರುಡೆಯ ಕತ್ತು ಮುರಿದು, ತಕ್ಷಣ ಸುರಿದು, ಬಿರಡೆ ಹಾಕಿದರೆ ಮಾತ್ರ ಹರಳು ಕಟ್ಟುತ್ತದೆ. ತಲೆ ಕೆರೆದುಕೊಂಡು ಕೆರೆದುಕೊಂಡು ಕೊನೆಗೆ ಕಾರಣ ಸಿಕ್ಕಿತು. ನೀವು ಊದಿದ ಉಸಿರು ಒಳಗೇ ಉಳಿದಿರುತ್ತದೆ. ಅದರಲ್ಲಿರುವ ಇಂಗಾಲವನ್ನು ನಡುವೆ ಕೂರಿಸಿಕೊಂಡು ಆರು ಲೋಹದ ಕಣಗಳು ಸುತ್ತ ಕೈ ಕೈ ಹಿಡಿದು ನಿಲ್ಲುತ್ತವೆ. ಸಿಲಿಂಡರಿನಿಂದ ಅದೇ ಇಂಗಾಲದ ಅನಿಲ ತುಂಬಿಸಿಯೂ ನೋಡಿದೆವು. ಹರಳು ಬಂತು, ಮುಟ್ಟಿದರೆ ಪುಡಿಯಾಯಿತು. ಮನುಷ್ಯನ ಉಸಿರೇ ಬೇಕೆಂದು ಕಾಣುತ್ತದೆ.

ದಯವಿಟ್ಟು ಅಂಥದೇ ಇನ್ನೊಂದು ಪೆಟ್ಟಿಗೆ ಕಳಿಸಿ. ಬಾಯಿ ಮುಚ್ಚಿಯೇ ಕಳಿಸಿ. ಈ ವರ್ಷದ ಕೊನೆಯೊಳಗೆ ಏನಾದರೂ ಮಾಡಿ ತೋರಿಸದಿದ್ದರೆ ನನ್ನ ಪ್ರಯೋಗಾಲಯದ ಬಾಗಿಲನ್ನೂ ಹೀಗೆಯೇ ಮುಚ್ಚುತ್ತಾರೆ.

ಪ್ರಯೋಗಾಲಯದ ಮುಖ್ಯಸ್ಥೆ


ಜೂನ್ ೧೪

ಮೇಡಂ ಅವರಿಗೆ,

ನಿಮ್ಮ ಪತ್ರವನ್ನು ಗೋಡೆಗೆ ಅಂಟಿಸಿದ್ದೇನೆ. ಇಷ್ಟು ವರ್ಷ ನನಗೆ ಬಂದ ಪತ್ರಗಳೆಲ್ಲ ‘ಎರಡು ಒಡೆದಿವೆ’, ‘ಇನ್ನೂ ಬಂದು ತಲುಪಿಲ್ಲ’ ಅನ್ನುವವೇ. ನನ್ನ ಉಸಿರನ್ನು ಹೊಗಳಿ ಬರೆದವರು ನೀವೇ ಮೊದಲು. ಮನೆಯವಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ‘ನೀವು ಊದಿದ ಉಸಿರು’ ಎಂಬಲ್ಲಿಗೆ ಬಂದಾಗ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳ ನಗುವಿಗೆ ಕಾರಣ ಬೇಕಾಗಿಲ್ಲ, ಬಿಡಿ.

ಬಾಯಿ ಮುಚ್ಚುವುದು ನಮ್ಮಪ್ಪನ ಕಾಲದ ಪದ್ಧತಿ. ಊದಿದ ಗಾಜು ಇನ್ನೂ ಕೆಂಪಗಿರುವಾಗಲೇ ಕತ್ತನ್ನು ಉರಿಗೆ ಹಿಡಿದು ಎಳೆದು ಮುಚ್ಚಿಬಿಡಬೇಕು. ದೂಳು ಹೋಗಬಾರದು, ಹುಳ ಹೋಗಬಾರದು. ‘ಬಾಯಿ ತೆರೆದ ಬುರುಡೆ, ಬಾಯಿ ತೆರೆದ ಮನುಷ್ಯ ಎರಡೂ ಒಂದೇ ಕಣೋ, ಏನು ಬೇಕಾದ್ರೂ ಒಳಗೆ ಹೋಗುತ್ತೆ, ಏನು ಬೇಕಾದ್ರೂ ಹೊರಗೆ ಬರುತ್ತೆ’ ಅನ್ನುತ್ತಿದ್ದ. ಕೊಂಡವರು ಬೇಕಾದಾಗ ಕತ್ತು ಮುರಿದುಕೊಳ್ಳಲಿ. ಅಪ್ಪ ಹೋದ, ಪದ್ಧತಿ ಉಳಿಯಿತು.

ನನ್ನ ಬುರುಡೆಯ ಹೊಟ್ಟೆಯನ್ನು ಎಲ್ಲಿ ಬೇಕಾದರೂ ಅಳೆದು ನೋಡಿ, ದಪ್ಪ ಒಂದೇ. ಅದಕ್ಕೆ ಕೈ ತಿರುಗುತ್ತಿರಬೇಕು, ಉಸಿರು ಅಲುಗಬಾರದು. ಈ ವಯಸ್ಸಿಗೂ ಅಲುಗಿಲ್ಲ. ಬುರುಡೆ ಊದುವುದು ನನ್ನ ಕಸುಬು, ಬುರುಡೆ ಬಿಡುವುದಲ್ಲ.

ಏನಾದರೂ ಕೇಳುವುದಿದ್ದರೆ ಬರೆದು ಕೇಳಿ. ಒಲೆಯ ಸದ್ದು ನನ್ನ ಕಿವಿ ತಿಂದುಹಾಕಿದೆ. ಫೋನ್ ಇದೆ, ಮನೆಯವಳೇ ಎತ್ತುತ್ತಾಳೆ. ಅವಳೂ ದಿನವಿಡೀ ನನ್ನ ಪಕ್ಕದಲ್ಲೇ ಒಲೆಯ ಮುಂದೆ ಕೂರುತ್ತಾಳಲ್ಲ, ಈಗೀಗ ಕೊಡಗಟ್ಟಲೆ ನೀರು ಕುಡಿಯುತ್ತಾಳೆ. ‘ಬೆಂಕಿ ಹಿಡಿಯೋನು ನಾನು, ಬಾಯಾರೋದು ನಿನಗಾ’ ಎಂದು ರೇಗಿಸುತ್ತಿರುತ್ತೇನೆ. ಸಣ್ಣಗೂ ಆಗಿದ್ದಾಳೆ. ಮದುವೆಯಾದ ಹೊಸದರ ಹಾಗೆ ಕಾಣುತ್ತಾಳೆ.

ಪೆಟ್ಟಿಗೆ ಇದರ ಜೊತೆಗೇ ಬರುತ್ತಿದೆ. ಹುಷಾರಾಗಿ ಬಿಚ್ಚಿಸಿ.

ಮೇಸ್ತ್ರಿ


ಜುಲೈ ೧

ಮೇಸ್ತ್ರಿಗಳಿಗೆ,

ಏನು ಮಾಡಿ ಕಳಿಸಿದಿರಿ ನೀವು?

ಹೊಸ ಪೆಟ್ಟಿಗೆಯ ಮೊದಲ ಬುರುಡೆಯಲ್ಲಿ ನಾಲ್ಕೇ ದಿನಕ್ಕೆ ಹರಳು ಬಂತು. ಅಕ್ಕಿ ಕಾಳಿನಷ್ಟು ಉದ್ದ, ನೀರಿನಷ್ಟು ತಿಳಿ. ನೇರಳಾತೀತ ದೀಪದ ಕೆಳಗೆ ಹಿಡಿದರೆ ಎಳೆ ಹಸಿರಾಗಿ ಬೆಳಗಿತು. ಅದು ಹೊಸತಲ್ಲ, ಈ ಲೋಹದ ಗುಣವೇ ಅದು. ದೀಪ ಆರಿಸಿದೆ. ಹರಳು ಆರಲಿಲ್ಲ.

ಬಾಗಿಲು ಕಿಟಕಿ ಮುಚ್ಚಿ ನಾನು ಮತ್ತು ಸಹಾಯಕಿ ಅದನ್ನೇ ನೋಡುತ್ತ ನಿಂತೆವು. ಒಂದು ಗಂಟೆ ಕಳೆದರೂ ಬೆಳಕು ಹಾಗೆಯೇ ಇತ್ತು. ಹಾಗೆಯೇ ಅಂದರೆ ಒಂದೇ ಸಮ ಅಲ್ಲ. ನಿಧಾನವಾಗಿ ಏರುತ್ತಿತ್ತು, ಸ್ವಲ್ಪ ತಡೆದು ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಸಹಾಯಕಿ ನನ್ನ ಕೈ ಹಿಡಿದುಕೊಂಡು ‘ಮೇಡಂ, ಅದು ನಿದ್ದೆ ಮಾಡ್ತಿದೆ’ ಅಂದಳು. ನಾನೂ ಕೈ ಬಿಡಿಸಿಕೊಳ್ಳಲಿಲ್ಲ, ಸುಳ್ಳು ಯಾಕೆ ಹೇಳಲಿ. ಆಮೇಲೆ ಕಾರಣ ಕಂಡುಕೊಂಡೆವು. ಕೋಣೆಯ ಏಸಿ ಓಡಿದಾಗ ತಂಪಾಗಿ ಬೆಳಕು ಏರುತ್ತದೆ, ನಿಂತಾಗ ಇಳಿಯುತ್ತದೆ. ಅಷ್ಟೇ. ಆದರೂ ಅವಳು ಈಗ ಒಬ್ಬಳೇ ಆ ಕೋಣೆಗೆ ಹೋಗುವುದಿಲ್ಲ.

ಹೋದ ವರ್ಷದ ಬುರುಡೆಗಳಲ್ಲಿ ಬಂದ ಹರಳು ಹೀಗೆ ಬೆಳಗಿರಲಿಲ್ಲ. ಅವನ್ನು ಹೊರತೆಗೆದು ಪಕ್ಕದಲ್ಲಿಟ್ಟು ನೋಡಿದೆ. ದೀಪ ಆರಿದರೆ ಅವೂ ಆರುತ್ತವೆ. ಈ ಸಲ ನೀವೇನು ಬದಲಾಯಿಸಿದಿರಿ? ಗಾಜೇ, ಒಲೆಯೇ? ಇನ್ನೊಂದು ಸಣ್ಣ ವಿಷಯ. ಕತ್ತು ಮುರಿದ ಕೂಡಲೇ ಒಂದು ವಾಸನೆ ಬರುತ್ತದೆ. ಬಹಳ ತೆಳು. ಹಣ್ಣು ಮಾಗಿ ಮಾಗಿ ಕೆಡಲು ಹತ್ತಿದಾಗ ಬರುವಂಥದು. ಎಲ್ಲಿಯೋ ಮೂಸಿದ ನೆನಪು, ಎಲ್ಲಿ ಎಂದು ಹೊಳೆಯುತ್ತಿಲ್ಲ.

ಇಂಥದೇ ಇನ್ನೂ ಬೇಕು. ಎಷ್ಟು ಆಗುತ್ತದೋ ಅಷ್ಟು ಕಳಿಸಿ.

ಮುಖ್ಯಸ್ಥೆ


ಜುಲೈ ೧೦

ಮೇಡಂ ಅವರಿಗೆ,

ಏನೂ ಬದಲಾಗಿಲ್ಲ. ಅದೇ ಗಾಜು, ಅದೇ ಒಲೆ, ಅದೇ ಮನುಷ್ಯ. ನಿಮ್ಮ ಲೋಹವೇ ಚೆನ್ನಾಗಿ ಊಟ ಮಾಡಿರಬೇಕು.

ವಾಸನೆ ನಮ್ಮ ಮನೆಯದೇ ಇರಬೇಕು. ಈಗ ಕೆಲವು ವಾರಗಳಿಂದ ಇಲ್ಲಿಯೂ ಹಣ್ಣಿನ ವಾಸನೆ. ಕೆಳಗಿನ ಅಂಗಡಿಯವನು ಮೆಟ್ಟಿಲ ಕೆಳಗೆ ಹಣ್ಣಿನ ಪೆಟ್ಟಿಗೆ ಇಟ್ಟುಕೊಳ್ಳುತ್ತಾನೆಂದು ಜಗಳಕ್ಕೆ ಹೋದೆ. ಹೋಗಿ ನೋಡಿದರೆ ಅಲ್ಲಿ ಬರೀ ಸೋಪಿನ ಪೆಟ್ಟಿಗೆ. ಇಬ್ಬರಿಗೂ ನಾಚಿಕೆಯಾಯಿತು.

ಬೆಳಗುವ ಹರಳಿನ ಕಥೆ ಕೇಳಿ ಮನೆಯವಳ ಕಣ್ಣು ಅಗಲವಾಯಿತು. ‘ಕತ್ತಲಲ್ಲಿ ತಾನೇ ಉರಿಯುತ್ತಂತಾ? ನನಗೂ ಒಂದು ಕಳಿಸೋಕೆ ಹೇಳ್ರಿ, ಪಕ್ಕದಲ್ಲಿ ಇಟ್ಕೊಂಡು ಮಲಗ್ತೀನಿ’ ಅಂದಳು. ಚಿಕ್ಕ ಮಕ್ಕಳ ಹಾಗೆ. ಆಗುವುದಿದ್ದರೆ ಒಂದು ಚೂರು ಕಳಿಸಿ, ಅವಳ ಪ್ರಾಣ ತಣ್ಣಗಾಗಲಿ.

ಈ ಪೆಟ್ಟಿಗೆಯಲ್ಲಿ ಸ್ವಲ್ಪ ಕಡಿಮೆ ಇವೆ. ಬೇಗ ದಣಿವಾಗುತ್ತದೆ. ನನಗೆ.

ಮೇಸ್ತ್ರಿ


ಜುಲೈ ೨೨

ಮೇಸ್ತ್ರಿಗಳಿಗೆ,

ಕೊಂಚ ಬೇಸರದ ವಿಷಯ ಬರೆಯಬೇಕಾಗಿದೆ.

ಹರಳಿನ ಎಕ್ಸ್-ರೇ ಚಿತ್ರ ಬಂತು. ಆರು ಲೋಹದ ಕಣಗಳು ಇರಬೇಕಾದಲ್ಲಿಯೇ ಇವೆ, ನಡುವೆ ಇಂಗಾಲವೂ ಇದೆ. ಆದರೆ ಪಕ್ಕದ ಸಂದುಗಳಲ್ಲಿ ನಾವು ಕರೆಯದೇ ಬಂದ ಒಬ್ಬ ಅತಿಥಿ ಕುಳಿತಿದ್ದಾನೆ. ಅಸಿಟೋನ್. ಉಗುರಿನ ಬಣ್ಣ ಅಳಿಸುತ್ತಾರಲ್ಲ, ಆ ದ್ರವ. ಹರಳು ಕತ್ತಲಲ್ಲಿ ಬೆಳಗುವುದು ಅದರಿಂದಲೇ. ನಾವು ಅದನ್ನು ಬಳಸಿಯೇ ಇಲ್ಲ. ಹೋದ ವರ್ಷದ ಹರಳಿನಲ್ಲಿ ಅದು ಇಲ್ಲ, ಜೂನ್ ಪೆಟ್ಟಿಗೆಯದರಲ್ಲಿ ಇದೆ, ಜುಲೈ ಪೆಟ್ಟಿಗೆಯದರಲ್ಲಿ ಇನ್ನೂ ಹೆಚ್ಚು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಏರುತ್ತಿದೆ. ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಯಾರೋ ದೂರದಿಂದ ಹತ್ತಿರಕ್ಕೆ ನಡೆದು ಬರುತ್ತಿರುವ ಹಾಗೆ ಕಾಣುತ್ತದೆ.

ಗಾಜನ್ನು ಅಸಿಟೋನಿನಲ್ಲಿ ತೊಳೆಯುವುದು ಎಲ್ಲ ಕಡೆಯೂ ಇರುವ ರೂಢಿ. ನೀವು ಊದುವ ಮೊದಲು ಕೊಳವೆ ತೊಳೆದು ಸರಿಯಾಗಿ ಒಣಗಿಸದೆ ಬಿಟ್ಟಿರಬಹುದೇ? ತಪ್ಪು ಎಂದು ಹೇಳುತ್ತಿಲ್ಲ, ಅದೃಷ್ಟವೇ ಆಯಿತು. ಎಷ್ಟು ಹಾಕುತ್ತೀರಿ, ಎಷ್ಟು ಹೊತ್ತು ಒಣಗಿಸುತ್ತೀರಿ ತಿಳಿಸಿದರೆ ಸಾಕು. ನಾವೇ ಸೀಸೆಯಿಂದ ಹಾಕಿ ನೋಡಿದರೆ ಪ್ರಮಾಣ ಹೆಚ್ಚಾಗಿ ಹರಳು ಕುಸಿದುಹೋಗುತ್ತಿದೆ. ನಿಮ್ಮ ಅಜಾಗರೂಕತೆಯ ಅಳತೆ ನಮಗೆ ಸಿಗುತ್ತಿಲ್ಲ.

ಮುಖ್ಯಸ್ಥೆ


ಜುಲೈ ೨೮

ಪ್ರಯೋಗಾಲಯದ ಮುಖ್ಯಸ್ಥರಿಗೆ,

ನನ್ನ ಅಂಗಡಿಯಲ್ಲಿ ಅಸಿಟೋನ್ ಇಲ್ಲ. ಉರಿಯುವ ಒಲೆಯ ಪಕ್ಕದಲ್ಲಿ ಅದನ್ನು ಇಟ್ಟುಕೊಳ್ಳುವವನಿಗೆ ತಲೆ ಇಲ್ಲ. ನಾವು ಬಿಸಿ ನೀರಲ್ಲಿ ತೊಳೆದು ಬೆಂಕಿಯಲ್ಲಿ ಒಣಗಿಸುವವರು. ನಿಮ್ಮ ಹುಡುಗರು ಏನನ್ನೋ ಚೆಲ್ಲಿಕೊಂಡು ನನ್ನ ತಲೆಗೆ ಕಟ್ಟುತ್ತಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

‘ಅಜಾಗರೂಕತೆ’ ಎಂಬ ಮಾತನ್ನು ಮನೆಯವಳಿಗೆ ಓದಿ ಹೇಳಲಿಲ್ಲ. ಆದರೂ ಮುಖ ನೋಡಿ ಗೊತ್ತುಮಾಡಿಕೊಂಡಳು.

ಇದರ ಜೊತೆ ಇರುವವು ಗಾಜಿನ ಕೊಳವೆಗಳ ಹೊಸ ಕಟ್ಟು ಬಿಚ್ಚಿ ಮಾಡಿದವು. ನೀರೂ ಸೋಕಿಸಿಲ್ಲ. ಬೆಂಕಿ, ಗಾಜು, ಉಸಿರು, ಇಷ್ಟೇ. ಇವುಗಳಲ್ಲಿಯೂ ನಿಮ್ಮ ಅತಿಥಿ ಸಿಕ್ಕರೆ ಅವನು ಎಲ್ಲಿಂದ ಬಂದ ಎಂದು ಅವನನ್ನೇ ಕೇಳಿ. ಗೋಡೆಯ ಮೇಲಿನ ಪತ್ರ ಕಿತ್ತುಹಾಕಿದ್ದೇನೆ.

ಮೇಸ್ತ್ರಿ


ಆಗಸ್ಟ್ ೫

ಮೇಸ್ತ್ರಿಗಳಿಗೆ,

ಮೊದಲು ಕ್ಷಮೆ. ನೀವು ಹೇಳಿದ್ದೇ ನಿಜ. ಈ ಪೆಟ್ಟಿಗೆಯ ಹರಳುಗಳಲ್ಲಿ ಅಸಿಟೋನ್ ಹಿಂದೆಂದಿಗಿಂತ ಹೆಚ್ಚಾಗಿದೆ. ಬೆಂಕಿ, ಗಾಜು, ಉಸಿರು ಎಂದಿರಿ. ಬೆಂಕಿಯಲ್ಲಿ ಅದು ಇರುವುದಿಲ್ಲ, ಗಾಜಿನಲ್ಲಿಯೂ ಇರುವುದಿಲ್ಲ.

ಆ ವಾಸನೆ ಎಲ್ಲಿ ಮೂಸಿದ್ದೆನೆಂದು ನಿನ್ನೆ ನೆನಪಾಯಿತು. ನಾನು ಶಾಲೆಗೆ ಹೋಗುತ್ತಿದ್ದಾಗ ಅಪ್ಪ ಮಲಗಿದ್ದ ಕೋಣೆಯಲ್ಲಿ. ನೋಡಲು ಬಂದವರೆಲ್ಲ ‘ಯಾರು ಹಣ್ಣು ತಂದದ್ದು?’ ಎಂದು ಕೇಳುತ್ತಿದ್ದರು. ಯಾರೂ ತಂದಿರಲಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು, ಯಾರಿಗೂ ಗೊತ್ತಿರಲಿಲ್ಲ. ಅದು ಮಿತಿಮೀರಿದಾಗ ದೇಹ ತನ್ನ ಕೊಬ್ಬನ್ನೇ ಸುಟ್ಟುಕೊಳ್ಳುತ್ತದೆ. ಆಗ ಉಸಿರಿನಲ್ಲಿ ಅಸಿಟೋನ್ ಬರುತ್ತದೆ. ವಾಸನೆ ಬಂದ ಮೇಲೆ ಅವನು ಬಹಳ ದಿನ ಇರಲಿಲ್ಲ.

ಮೇಸ್ತ್ರಿಗಳೇ, ಈ ಬುರುಡೆಗಳನ್ನು ಊದಿದ ಮನುಷ್ಯನಿಗೆ ಆ ಕಾಯಿಲೆ ಇದೆ. ನನ್ನ ಮಾತಿನ ಮೇಲೆ ಸಿಟ್ಟಿದ್ದರೂ ಪರವಾಗಿಲ್ಲ, ಈ ಪತ್ರ ಕೈಸೇರಿದ ದಿನವೇ ಡಾಕ್ಟರ ಹತ್ತಿರ ಹೋಗಿ.

ಆಗಸ್ಟ್ ೧೬. ಇದು ನನ್ನ ಮೇಜಿನ ಮೇಲೆಯೇ ಉಳಿದುಹೋಯಿತು, ಕೆಲಸದ ಗಡಿಬಿಡಿ. ಇವತ್ತು ಮನಸ್ಸು ತಡೆಯದೆ ನಿಮ್ಮ ಮನೆಗೆ ಫೋನ್ ಮಾಡಿದೆ. ನಿಮ್ಮ ಮನೆಯವರೇ ಎತ್ತಿದರು. ಲೈನು ಸರಿ ಇರಲಿಲ್ಲವೋ ಏನೋ, ದೊಡ್ಡ ದೊಡ್ಡ ಉಸಿರಿನ ಸದ್ದೊಂದೇ ಕಿವಿ ತುಂಬ ಕೇಳುತ್ತಿತ್ತು. ಎಲ್ಲ ಬಿಡಿಸಿ ಹೇಳಿದೆ. ಆಮೇಲೆ ‘ಅದು ಅವರದೇ ಉಸಿರು ಅಂತೀರಾ?’ ಅಂದರು. ‘ಇನ್ಯಾರದಮ್ಮ?’ ಅಂದೆ. ‘ಹೌದು, ಇನ್ಯಾರದು’ ಅಂದರು. ನಾಳೆಯೇ ನಿಮ್ಮನ್ನು ಎಳೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದಾರೆ. ಅವರ ಮಾತು ಕೇಳಿ.

ಮುಖ್ಯಸ್ಥೆ


ಆಗಸ್ಟ್ ೨೫

ಮೇಡಂ ಅವರಿಗೆ,

ನೀವು ನನ್ನನ್ನು ಸಾಯಿಸಿಯೇ ಬಿಟ್ಟಿದ್ದಿರಿ. ಬದುಕಿದ್ದೇನೆ.

ಮನೆಯವಳು ಬೆಳಿಗ್ಗೆ ಎದ್ದವಳೇ ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ರಕ್ತ ತೆಗೆದರು, ಮೂತ್ರ ನೋಡಿದರು. ಸಕ್ಕರೆಯೂ ಇಲ್ಲ, ಉಪ್ಪೂ ಇಲ್ಲ. ‘ಇಪ್ಪತ್ತರ ಹುಡುಗನ ರಕ್ತ’ ಅಂದರು ಡಾಕ್ಟರು. ನನ್ನ ಉಸಿರಿನಿಂದ ಕತ್ತಲಲ್ಲಿ ಉರಿಯುವ ಹರಳು ಆಗುತ್ತದೆಂದು ಅವರಿಗೆ ಹೇಳಿದೆ. ನರ್ಸುಗಳೆಲ್ಲ ಬಂದು ಸುತ್ತ ನಿಂತು ಕೇಳಿದರು. ಒಳ್ಳೆಯ ಮರ್ಯಾದೆ ಸಿಕ್ಕಿತು.

ನಿಮ್ಮ ವಿಜ್ಞಾನ ಈ ಸಲ ಎಡವಿತು. ಇರಲಿ. ಕೊನೆಯ ಪೆಟ್ಟಿಗೆ ಜೊತೆಗಿದೆ. ಇನ್ನು ಸ್ವಲ್ಪ ದಿನ ಕೆಲಸ ನಿಲ್ಲಿಸುತ್ತೇನೆ. ಮನೆಯವಳಿಗೆ ಸುಸ್ತು, ಮಲಗಿದ್ದಾಳೆ.

ಆ ಕಾಯಿಲೆ ಹೆಂಗಸರಿಗೂ ಬರುತ್ತದೆಯೇ? ಸುಮ್ಮನೆ ಕೇಳಿದೆ.

ಮೇಸ್ತ್ರಿ


ಸೆಪ್ಟೆಂಬರ್ ೩

ಮೇಸ್ತ್ರಿಗಳಿಗೆ,

ನಿಮ್ಮ ಪತ್ರ ಓದಿ ಜೀವ ಬಂತು. ಹಾಗಾದರೆ ಅಸಿಟೋನ್ ಎಲ್ಲಿಂದ ಬಂತೋ, ನನಗಂತೂ ಸೋಲಾಯಿತು. ಸೋತದ್ದಕ್ಕೆ ಇಷ್ಟು ಖುಷಿಪಟ್ಟದ್ದು ಇದೇ ಮೊದಲು.

ಈ ಪೆಟ್ಟಿಗೆಯ ಹರಳಿನ ಬಗ್ಗೆ ಏನೆಂದು ಬರೆಯಲಿ? ಮೊದಲನೆಯ ಬುರುಡೆಯಲ್ಲಿ ಬಂದದ್ದನ್ನು ನೋಡುವಾಗ ಬೇರೆ ಬೆಳಕೇ ಬೇಕಾಗಲಿಲ್ಲ, ಅದರ ಬೆಳಕಿನಲ್ಲಿಯೇ ಗಡಿಯಾರ ಕಾಣುತ್ತಿತ್ತು. ಹೊರಗಿನಿಂದ ಪರೀಕ್ಷಿಸಲು ಬಂದ ಮೂವರು ಹಿರಿಯರು ಬಾಯಿ ತೆರೆದುಕೊಂಡು ನೋಡಿದರು. ಪ್ರಯೋಗಾಲಯ ಉಳಿಯಿತೆಂದೇ ತಿಳಿಯಿರಿ. ಅವರಲ್ಲೊಬ್ಬರು ಮಾತ್ರ ಹೊರಡುವಾಗ ‘ಆ ಕೋಣೆಯಲ್ಲಿ ಯಾರಾದರೂ ಮಲಗಿದ್ದಾರಾ?’ ಎಂದು ಕೇಳಿದರು. ಏಸಿಯ ವಿಷಯ ವಿವರಿಸಿ ಹೇಳಿದೆ.

ನಿಮ್ಮ ಮನೆಯವರಿಗೆ ಒಂದು ಹರಳು ಖಂಡಿತ ಕಳಿಸುತ್ತೇನೆ, ಅಳೆಯುವ ಕೆಲಸ ಮುಗಿಯಲಿ. ವಿಶ್ರಾಂತಿ ಆದ ಮೇಲೆ ದಯವಿಟ್ಟು ಮತ್ತೆ ಊದಿ ಕೊಡಿ.

ಹೆಂಗಸರಿಗೂ ಬರುತ್ತದೆ. ಯಾಕೆ?

ಮುಖ್ಯಸ್ಥೆ


ಸೆಪ್ಟೆಂಬರ್ ೨೦

ತಂಗಿ,

ಮೇಡಂ ಎಂದು ಬರೆಯಲು ಹೋದೆ, ಕೈ ಬರಲಿಲ್ಲ.

ಯಾಕೆ ಎಂದು ಕೇಳಿದ್ದೀಯ. ಹೇಳುತ್ತೇನೆ. ಹೋದ ಚಳಿಗಾಲದಲ್ಲಿ ನನ್ನ ಎದೆ ಕಟ್ಟಿತು. ಆಮೇಲೆ ಉಸಿರು ಮೊದಲಿನ ಹಾಗೆ ಬರಲಿಲ್ಲ. ಊದಿದರೆ ಮಧ್ಯದಲ್ಲಿ ಕೆಮ್ಮು, ಬುರುಡೆಯ ಹೊಟ್ಟೆ ಒಂದು ಕಡೆ ತೆಳು, ಒಂದು ಕಡೆ ದಪ್ಪ. ಒಡೆದು ಎಸೆಯುತ್ತ ಕೂತಿದ್ದೆ. ಮನೆಯವಳು ಬಂದು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡಳು. ಗಾಜಿನ ತುದಿಗೆ ರಬ್ಬರ್ ಕೊಳವೆ ಇರುತ್ತದೆ, ಅದರಲ್ಲಿ ನಾವು ಊದುವುದು. ಆ ಕೊಳವೆಯನ್ನು ನನ್ನ ಬಾಯಿಂದ ತೆಗೆದು ತನ್ನ ಬಾಯಿಗೆ ಇಟ್ಟುಕೊಂಡಳು. ‘ನೀವು ತಿರುಗಿಸಿ, ನಾನು ಊದ್ತೀನಿ’ ಅಂದಳು. ನನ್ನ ಎರಡು ಕೈಯೂ ಬೆಂಕಿಯಲ್ಲಿರುತ್ತಿದ್ದವು, ಒಲೆಯ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಅದಕ್ಕೆ ಒಂದು ಸನ್ನೆ ಮಾಡಿಕೊಂಡೆವು. ನಾನು ಹುಬ್ಬು ಎತ್ತಿದರೆ ಊದಬೇಕು, ಇಳಿಸಿದರೆ ನಿಲ್ಲಿಸಬೇಕು. ಅವಳ ಕಣ್ಣು ನನ್ನ ಮುಖದ ಮೇಲೆಯೇ ಇರುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ. ಅಷ್ಟು ಸಮನಾದ ಉಸಿರು ನನಗೂ ಇರಲಿಲ್ಲ, ನಮ್ಮಪ್ಪನಿಗೂ ಇರಲಿಲ್ಲ.

ಈ ವರ್ಷ ನಿನಗೆ ಬಂದದ್ದೆಲ್ಲ ಅವಳ ಉಸಿರು. ಕೈ ನನ್ನದು ಅಷ್ಟೇ. ಬುರುಡೆ ಬಿಡುವವನಲ್ಲ ಎಂದು ಬರೆದಿದ್ದೆನಲ್ಲ, ಅದನ್ನು ಓದಿ ಹೇಳಿದಾಗಲೂ ಅವಳು ನಕ್ಕಳು.

ಡಾಕ್ಟರ ಹತ್ತಿರ ಹೋದ ದಿನ ಅವರ ಮುಂದೆ ನನ್ನ ಉಸಿರಿನ ಕಥೆ ಹೇಳಿ ಎದೆ ಉಬ್ಬಿಸಿಕೊಂಡು ಹೊರಗೆ ಬಂದೆ. ಮೆಟ್ಟಿಲಿಳಿಯುವಾಗ ಅವಳು ನನ್ನ ತೋಳು ಹಿಡಿದು ನಿಂತಳು. ಏದುಸಿರು ಬಿಡುತ್ತಿದ್ದಳು. ಆ ಹಣ್ಣಿನ ವಾಸನೆ ಅವಳ ಬಾಯಿಂದ ನನ್ನ ಮುಖಕ್ಕೆ ಬಂತು. ಅಲ್ಲೇ ತಿಳಿಯಿತು. ಅವಳಿಗೆ ನಿನ್ನ ಫೋನ್ ಬಂದಾಗಲೇ ತಿಳಿದಿತ್ತು. ‘ವಾಪಸ್ ಹೋಗೋಣ ಬಾ, ನಿನ್ನದೂ ನೋಡಿಸೋಣ’ ಅಂದೆ. ‘ಈಗ ತಾನೇ ಅಷ್ಟು ಜನರ ಮುಂದೆ ನನ್ನ ಉಸಿರು ಅಂತ ಹೇಳಿ ಬಂದಿದ್ದೀರಿ. ಏನಂತ ಹೇಳ್ತೀರಿ ಈಗ? ಒಪ್ಪಿಕೊಂಡಿರೋ ಪೆಟ್ಟಿಗೆ ಮುಗಿಸಿ ಬಿಡೋಣ, ಆಮೇಲೆ ಬೇರೆ ಡಾಕ್ಟರ ಹತ್ತಿರ ಹೋದರಾಯ್ತು’ ಅಂದಳು. ನನ್ನ ಮರ್ಯಾದೆ ಉಳಿಸಲು ಹೇಳಿದ ಮಾತು ಅದು. ಬೇಡ ಅನ್ನಬೇಕಾಗಿತ್ತು. ನಾನು ಹೂಂ ಅಂದೆ.

ಕೊನೆಯ ಪೆಟ್ಟಿಗೆಯನ್ನು ಅವಳು ಗೋಡೆಗೆ ಒರಗಿಕೊಂಡು ಊದಿದಳು. ಅದು ಹೊರಟ ಮೇಲೆ ಎದ್ದು ಓಡಾಡಿದಳು, ಇವತ್ತು ಹಗುರಾಗಿದೆ ಅಂದಳು. ನಾನು ಮತ್ತೆ ಮುಂದಕ್ಕೆ ಹಾಕಿದೆ. ನಿನ್ನ ‘ಬರುತ್ತದೆ’ ಎಂಬ ಪತ್ರ ಬಂದ ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಆಸ್ಪತ್ರೆಯ ಡಾಕ್ಟರು ನಾಡಿ ಹಿಡಿಯುವ ಮೊದಲೇ ಮೂಗಿನಿಂದ ಕಂಡುಹಿಡಿದರು. ‘ಇಷ್ಟು ದಿನ ಎಲ್ಲಿದ್ರಿ?’ ಅಂದರು. ನಾನು ಎಲ್ಲಿದ್ದೆ? ಪಕ್ಕದಲ್ಲೇ ಇದ್ದೆ, ತಂಗಿ. ಮಾರನೆಯ ದಿನ ಹೋಗಿಬಿಟ್ಟಳು.

ಒಂದೇ ಒಂದು ಕೇಳುತ್ತೇನೆ. ಬಾಯಿ ಮುಚ್ಚಿದ ಬುರುಡೆ ಯಾವುದಾದರೂ ಉಳಿದಿದ್ದರೆ ಮುರಿಯಬೇಡ. ವಾಪಸ್ ಕಳಿಸು.

ಮೇಸ್ತ್ರಿ


ಸೆಪ್ಟೆಂಬರ್ ೨೯

ಅಣ್ಣ,

ಉಳಿದಿಲ್ಲ. ಕೊನೆಯದನ್ನು ನಿಮ್ಮ ಪತ್ರ ಬಂದ ಬೆಳಿಗ್ಗೆಯೇ ಮುರಿದೆ. ಆಗ ನಿಮ್ಮ ಪತ್ರ ಕೆಳಗೆ ಕಚೇರಿಯಲ್ಲಿ ಬಿದ್ದಿತ್ತು. ವಾಸನೆ ಬಂತು, ಒಂದು ಗಳಿಗೆ ಮುಖದ ಹತ್ತಿರ ನಿಂತಿತು, ಹೋಯಿತು. ಅದೇನೆಂದು ತಿಳಿಯದೆ ನಾನು ಅದನ್ನು ಎದೆ ತುಂಬ ಎಳೆದುಕೊಂಡೆ.

ನಾನೂ ಒಂದು ಹೇಳಬೇಕು. ಆಗಸ್ಟ್ ಐದರ ಪತ್ರ ಗಡಿಬಿಡಿಯಲ್ಲಿ ಮೇಜಿನ ಮೇಲೆ ಉಳಿಯಿತೆಂದು ಬರೆದಿದ್ದೆ. ಸುಳ್ಳು. ನಾನೇ ಇಟ್ಟುಕೊಂಡಿದ್ದೆ. ನೀವು ಆಸ್ಪತ್ರೆ ಸೇರಿದರೆ ಬುರುಡೆ ಬರುವುದು ನಿಲ್ಲುತ್ತದೆ, ವಾಸಿಯಾದರೆ ಉಸಿರಿ‌ನಲ್ಲಿ ಅಸಿಟೋನ್ ಇರುವುದಿಲ್ಲ, ಹರಳು ಬೆಳಗುವುದಿಲ್ಲ. ಕೈಯಲ್ಲಿರುವುದನ್ನು ಅಳೆದು ಮುಗಿಸಿ ಕಳಿಸೋಣ ಅಂದುಕೊಂಡೆ. ಪ್ರತಿದಿನ ಬೆಳಿಗ್ಗೆ ಆ ಲಕೋಟೆ ಕಾಣುತ್ತಿತ್ತು. ಅಪ್ಪನ ಕೋಣೆ ನೆನಪಿದ್ದೂ ಹಾಗೆ ಮಾಡಿದೆ. ನಿಮ್ಮನ್ನು ಬೈಯಲು ನನಗೆ ಬಾಯಿಲ್ಲ, ನೀವು ನನ್ನನ್ನು ಬೈಯಬಹುದು.

ಬೆಳಗುವ ಹರಳಿನ ವರದಿಯನ್ನು ವಾಪಸ್ ತೆಗೆದುಕೊಂಡಿದ್ದೇನೆ. ಬೇರೆಯವರು ಇದನ್ನು ಮಾಡಲು ಏನೇನು ಬೇಕೆಂದು ಅದರಲ್ಲಿ ಬರೆಯಬೇಕು. ನನಗೆ ಬರೆಯಲಾಗುವುದಿಲ್ಲ. ಪ್ರಯೋಗಾಲಯ ಉಳಿಯುವುದು ಅನುಮಾನ.

ನಿಮ್ಮ ಮನೆಯವರು ಒಂದು ಹರಳು ಕೇಳಿದ್ದರು. ಅಳೆಯುವುದು ಮುಗಿಯಲಿ ಎಂದೆ. ಈಗ ಕೊನೆಯ ಬುರುಡೆಯಲ್ಲಿ ಬಂದದ್ದನ್ನು ಗಾಜಿನ ನಳಿಗೆಯಲ್ಲಿ ಮುಚ್ಚಿ ಕಳಿಸುತ್ತಿದ್ದೇನೆ. ಇಲ್ಲಿಯವರು ಮುಚ್ಚಿದ್ದು, ನಿಮ್ಮಷ್ಟು ನಯವಾಗಿಲ್ಲ. ಒಳಗೆ ಇರುವುದು ಅವರ ಉಸಿರೇ, ಎಲ್ಲಿಗೂ ಹೋಗಿಲ್ಲ. ಬೆಂಕಿಯ ಹತ್ತಿರ ಮಾತ್ರ ತರಬೇಡಿ. ಬಿಸಿ ತಗುಲಿದರೆ ಹರಳು ಒಡೆದು ಉಸಿರು ಹೊರಟುಹೋಗುತ್ತದೆ. ಹಗಲಲ್ಲಿ ಕಿಟಕಿಯಲ್ಲಿಡಿ, ಸಂಜೆಗೆ ಬೆಳಗುತ್ತದೆ. ಇಲ್ಲಿ ಏರಿಳಿಯುತ್ತಿದ್ದದ್ದು ಏಸಿಯಿಂದ. ಅಲ್ಲಿ ಒಂದೇ ಸಮ ಇರುತ್ತದೆ, ಹೆದರಿಕೆ ಬೇಡ.

ನಿಮ್ಮ ತಂಗಿ


ಅಕ್ಟೋಬರ್ ೧೦

ತಂಗಿ,

ನಳಿಗೆ ಒಡೆಯದೆ ಬಂತು. ಮುಚ್ಚಿದವರ ಕೈ ಇನ್ನೂ ಪಳಗಬೇಕು.

ನಿನ್ನನ್ನು ಬೈಯಲು ಎರಡು ಸಲ ಕಾಗದ ತೆಗೆದೆ. ನಿನ್ನ ಲಕೋಟೆ ಮೇಜಿನ ಮೇಲಿತ್ತು, ನನ್ನ ಹೂಂ ಮೆಟ್ಟಿಲ ಮೇಲಿತ್ತು. ಯಾವುದು ದೊಡ್ಡದು ಎಂದು ಅಳೆಯುವ ಸಾಧನ ನಿನ್ನ ಹತ್ತಿರವೂ ಇರಲಿಕ್ಕಿಲ್ಲ. ಕಾಗದ ಒಳಗಿಟ್ಟೆ.

ನೀನು ಹೇಳಿದ ಹಾಗೆ ನಿನ್ನೆ ಹಗಲೆಲ್ಲ ಕಿಟಕಿಯಲ್ಲಿಟ್ಟೆ. ಒಲೆ ಹಚ್ಚದೆ ಎಷ್ಟೋ ದಿನವಾಯಿತು, ಬಿಸಿಯ ಭಯವಿಲ್ಲ. ಬೆಳಕು ಕಂತುವ ಹೊತ್ತಿಗೆ ಅದನ್ನು ಅವಳ ಸ್ಟೂಲಿನ ಮೇಲೆ ಮಲಗಿಸಿ ನಾನು ನನ್ನ ಜಾಗದಲ್ಲಿ ಕೂತೆ. ಹಸಿರು ಎಂದು ನೀನು ಬರೆದಿದ್ದೆ. ಹಸಿರೇ. ಅವಳು ನೋಡಬೇಕಾಗಿತ್ತು. ಗಟ್ಟಿಯಾಗಿ ಅತ್ತುಬಿಟ್ಟೆ. ಕೇಳಲು ಮನೆಯಲ್ಲಿ ಯಾರಿದ್ದಾರೆ.

ಆಮೇಲೆ ಕಣ್ಣೊರೆಸಿಕೊಂಡು ನೋಡಿದರೆ ಬೆಳಕು ಏರುತ್ತಿತ್ತು. ಸ್ವಲ್ಪ ತಡೆದು ಇಳಿಯಿತು. ಮತ್ತೆ ಏರಿತು. ಇಲ್ಲಿ ಏಸಿ ಇಲ್ಲ, ತಂಗಿ. ಫ್ಯಾನು ಆರಿಸಿದೆ. ಬಾಗಿಲು ಹಾಕಿದೆ, ಕಿಟಕಿಯ ಸಂದಿಗೆ ಬಟ್ಟೆ ತುರುಕಿದೆ. ಏನೂ ವ್ಯತ್ಯಾಸವಾಗಲಿಲ್ಲ. ಅದೇ ಅಳತೆ, ಎಲ್ಲಿಯೂ ಅಲುಗದ ಹಾಗೆ. ಆ ಅಳತೆ ನನ್ನ ಕೈಗೆ ಗೊತ್ತು. ಅದರ ಪಕ್ಕದಲ್ಲಿ ಎಷ್ಟು ಬುರುಡೆ ತಿರುಗಿಸಿಲ್ಲ.

‘ನೀನು ದಣಿದಿದ್ದೀಯ, ಇನ್ನು ಸಾಕು’ ಎಂದು ಅದಕ್ಕೆ ಹೇಳಿದೆ. ನಮ್ಮ ಸನ್ನೆ ನೆನಪಾಗಿ ಅದರ ಕಡೆ ಮುಖ ಮಾಡಿ ಹುಬ್ಬು ಇಳಿಸಿದೆ. ಅವಳು ನಿಲ್ಲಿಸಲಿಲ್ಲ. ಇವತ್ತು ಸಂಜೆಯೂ ಹುಬ್ಬು ಇಳಿಸಿಕೊಂಡೇ ಕೂತು ಇದನ್ನು ಬರೆಯುತ್ತಿದ್ದೇನೆ, ಇನ್ನೂ ಊದುತ್ತಿದ್ದಾಳೆ.

ಇದಕ್ಕೂ ಏನಾದರೂ ಕಾರಣ ಇರುತ್ತದೆ, ನಿನಗೆ ಗೊತ್ತಿರಲೂಬಹುದು. ಬರೆಯಬೇಡ.

ಮೇಸ್ತ್ರಿ